ಗಂಟೆಯಣ್ಣನ ಅನುಮಾನ

ಪ್ರವಾಸದ ಶುಲ್ಕ ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂಬತ್ತು ತಿಂಗಳ ಪಿಂಚಣಿ. ದಪ್ಪ ಕೋಟು ಎರಡು, ಉಣ್ಣೆಯ ಕಾಲುಚೀಲ ಆರು ಜೊತೆ, ನೀರು ಒಳಗೆ ಬಿಡದ ಬೂಟು, ಇವಕ್ಕೆ ಇನ್ನೊಂದು ತಿಂಗಳದ್ದು. ‘ಈ ವ್ಯಕ್ತಿ ಪ್ರಯಾಣ ಮಾಡಬಹುದು’ ಎಂದು ಡಾಕ್ಟರು ಗೀಚಿಕೊಟ್ಟ ಒಂದೂವರೆ ಸಾಲು, ವಿಮೆ, ಫೋಟೊ ಎಲ್ಲ ಸೇರಿ ಮತ್ತರ್ಧ. ಮಗಳು ಕೂಡಿ ನೋಡಿ ಪೆನ್ನು ಕೆಳಗಿಟ್ಟಳು.

“ಅಪ್ಪಾ, ಈ ದುಡ್ಡಲ್ಲಿ ಅಡುಗೆಮನೆ ಪೂರ್ತಿ ಹೊಸದು ಮಾಡಿಸಬಹುದಿತ್ತು.”

“ಅಡುಗೆಮನೇಲಿ ಸೂರ್ಯ ಮುಳುಗದೇ ಇರ್ತಾನೇನಮ್ಮ?”

“ಅವನು ಮುಳುಗದೇ ಇದ್ರೆ ನಿನಗೇನಾಗಬೇಕು?”

ಉತ್ತರ ಇತ್ತು. ಹೇಳಲು ನಾಚಿಕೆಯಾಗಿ ಅವನು ಕನ್ನಡಕ ಒರೆಸುತ್ತ ಕೂತ.

ಅವನು ಮೂವತ್ತೆಂಟು ವರ್ಷ ಒಂದೇ ಹೈಸ್ಕೂಲಿನಲ್ಲಿ ಜವಾನನಾಗಿದ್ದವನು. ಗಂಟೆಯಣ್ಣ ಎಂದು ಮಕ್ಕಳು ಇಟ್ಟ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ, ಸಂಬಳದ ಗುಮಾಸ್ತರೂ ಹಾಗೇ ಕರೆಯುತ್ತಿದ್ದರು. ಅವನ ಸ್ಟೂಲು ಇದ್ದದ್ದು ಒಂಬತ್ತನೇ ಕ್ಲಾಸಿನ ಬಾಗಿಲ ಪಕ್ಕ. ಪಾಠಗಳು ಕಿಟಕಿಯಿಂದ ಪುಕ್ಕಟೆಯಾಗಿ ಕಿವಿಗೆ ಬೀಳುತ್ತಿದ್ದವು. ಆದರೆ ತುಂಡು ತುಂಡಾಗಿ. ನಡುವೆ ಹಾಜರಿ ಪುಸ್ತಕ ಆಫೀಸಿಗೆ ಮುಟ್ಟಿಸಬೇಕು, ಸೀಮೆಸುಣ್ಣ ತರಬೇಕು, ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯಬೇಕು. ಭೂಮಿಯ ನೆತ್ತಿಯಲ್ಲಿ ಬೇಸಿಗೆಯಿಡೀ ಸೂರ್ಯ ಮುಳುಗುವುದಿಲ್ಲ ಎಂಬುದನ್ನು ಅವನು ಪ್ರತಿ ವರ್ಷ ಕೇಳಿದ್ದ. ಯಾಕೆ ಎಂಬುದು ಮಾತ್ರ ಒಂದು ವರ್ಷವೂ ಪೂರ್ತಿ ಸಿಕ್ಕಿರಲಿಲ್ಲ. ಆಮೇಲೆ ಪೇಪರಿನಲ್ಲಿ ಜಾಹೀರಾತು ಬಂತು: ಅರವತ್ತು ದಾಟಿದವರಿಗೆ ಉತ್ತರದ ತುತ್ತತುದಿಯಲ್ಲಿ ಹತ್ತು ದಿನದ ಬೇಸಿಗೆ ಪಾಠ, ಕುತೂಹಲ ಇದ್ದರೆ ಸಾಕು. ಒಂದು ಸಲ ಬಾಗಿಲ ಒಳಗೆ, ಬೆಂಚಿನ ಮೇಲೆ ಕೂತು, ಅರ್ಥವಾಗದ್ದನ್ನು ಎದ್ದು ನಿಂತು ಕೇಳಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಎಡವಟ್ಟಾದದ್ದು ವಿಮಾನ ಇಳಿದು ಬಸ್ಸು ಹತ್ತಿದ ಮೇಲೆ. ಹದಿನೆಂಟು ಜನ ಒಬ್ಬರಾದ ಮೇಲೊಬ್ಬರು ಪರಿಚಯ ಹೇಳಿಕೊಳ್ಳುತ್ತಿದ್ದರು. ಮೈಕು ಬಂದಾಗ ಗಂಟೆಯಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದ.

“ನಾನು… ಮೂವತ್ತೆಂಟು ವರ್ಷ ಹೈಸ್ಕೂಲಲ್ಲಿದ್ದೆ.”

“ಓಹೋ, ಮೇಷ್ಟ್ರು!” ಎಂದು ಮುಂದಿನ ಸೀಟಿನ ನಿವೃತ್ತ ಬ್ಯಾಂಕ್ ಮ್ಯಾನೇಜರು ತಿರುಗಿ ಕೈಕುಲುಕಿದರು. “ಬನ್ನಿ ಮೇಷ್ಟ್ರೇ, ಕಿಟಕಿ ಪಕ್ಕ ಕೂತ್ಕೊಳ್ಳಿ.”

ಅಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮೈಕು ಮುಂದೆ ಹೋಗಿತ್ತು. ಹೆಂಡತಿ ತೊಡೆ ಚಿವುಟಿದಳು.

“ರೀ, ಏನ್ರೀ ಇದು?”

“ನಾನೇನು ಸುಳ್ಳು ಹೇಳಿದ್ನಾ? ಇದ್ದೆ ಅಂದೆ.”

“ಹಾಗಾದ್ರೆ ಆ ಸ್ಕೂಲಿನ ಬೋರ್ಡೂ ಮೇಷ್ಟ್ರೇ. ಅದೂ ಮೂವತ್ತೆಂಟು ವರ್ಷ ಇತ್ತು.”

ಇಳಿದುಕೊಂಡದ್ದು ರಜೆಗೆಂದು ಖಾಲಿಯಾಗಿದ್ದ ಒಂದು ಶಾಲೆಯ ಹಾಸ್ಟೆಲಿನಲ್ಲಿ. ಕಿಟಕಿಯಾಚೆ ಬೂದು ಬಂಡೆ, ಅದರಾಚೆ ತಣ್ಣನೆಯ ಕಡಲು. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಊಟ ಮುಗಿಸಿ ನಿದ್ದೆ, ಸಂಜೆ ಪಾಚಿ, ಪಕ್ಷಿ, ಕಲ್ಲು ನೋಡುತ್ತ ನಡಿಗೆ. ಪಾಠ ಹೇಳುವವರು ತಂಡವನ್ನು ಕರೆತಂದ, ಚುರುಕು ಮಾತಿನ ಒಬ್ಬ ಮೇಡಂ, ಗಂಟೆಯಣ್ಣನ ಮಗಳ ವಯಸ್ಸು. ಎರಡನೆಯ ದಿನವೇ ಅವರು ಆಲೂಗೆಡ್ಡೆಗೆ ಸೂಜಿ ಚುಚ್ಚಿ ಓರೆಯಾಗಿ ಹಿಡಿದು, ಭೂಮಿ ವಾಲಿದೆ, ಬೇಸಿಗೆಯಲ್ಲಿ ಉತ್ತರದ ನೆತ್ತಿ ಸೂರ್ಯನ ಕಡೆಗಿರುತ್ತದೆ, ಅದಕ್ಕೇ ಇಲ್ಲಿ ಕತ್ತಲಾಗುವುದಿಲ್ಲ ಎಂದರು. ಗಂಟೆಯಣ್ಣನಿಗೆ ತಕ್ಷಣ ಒಂದು ಅನುಮಾನ ಹುಟ್ಟಿತು. ಎದ್ದು ನಿಲ್ಲಲು ಬೆಂಚಿಗೆ ಕೈಯೂರಿದ.

“ನಿಮಗಿದೆಲ್ಲ ಬಾಯಿಪಾಠ ಬಿಡಿ ಮೇಷ್ಟ್ರೇ,” ಎಂದು ಮ್ಯಾನೇಜರು ಬೆನ್ನು ತಟ್ಟಿದರು.

ಕೈ ಹಿಂದಕ್ಕೆ ಬಂತು. ಮೇಷ್ಟ್ರಾದವನಿಗೆ ಅನುಮಾನ ಬರಬಾರದಲ್ಲ! ಮೊದಲ ಲೋಟ ಕಾಫಿ ಅವನಿಗೆ, ಕಿಟಕಿ ಸೀಟು ಅವನಿಗೆ, ಆದರೆ ಬಾಯಿಗೆ ಬೀಗ. ಸಾಲದ್ದಕ್ಕೆ ಉಳಿದವರು ತಮ್ಮ ಅನುಮಾನಗಳನ್ನು ಅವನ ಮುಂದೆ ಸುರಿಯತೊಡಗಿದರು. ಇಲ್ಲಿನ ಮರಗಳು ಯಾಕೆ ಮೊಣಕಾಲೆತ್ತರ? “ಗಾಳಿಗೆ ಹೆದರಿ,” ಎಂದ. ಬರೀ ಬಂಡೆಯ ಮೇಲೆ ಪಾಚಿ ಹೇಗೆ ಬದುಕುತ್ತದೆ? “ಹಠದಿಂದ.” ಪಕ್ಕದ ಕೋಣೆಯ ಎಪ್ಪತ್ತನಾಲ್ಕರ ಅಜ್ಜಿ, ಎಲ್ಲರೂ ಟೈಪಿಸ್ಟಮ್ಮ ಎಂದು ಕರೆಯುತ್ತಿದ್ದವರು, ಇದನ್ನೆಲ್ಲ ದುಂಡು ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡರು.

“ಏನ್ರೀ ಮೇಷ್ಟ್ರೇ, ಹೋಂವರ್ಕ್ ಆಯ್ತಾ?” ಎಂದು ಕೋಣೆಯಲ್ಲಿ ಹೆಂಡತಿ ಕಾಲೆಳೆದಳು.

“ಸುಮ್ನಿರೇ. ಅಷ್ಟು ದುಡ್ಡು ಕೊಟ್ಟು ಬಂದು, ಕೇಳಬೇಕಾದ್ದು ಕೇಳೋಕಾಗ್ತಿಲ್ಲ. ಸ್ಟೂಲೇ ವಾಸಿಯಿತ್ತು.”

“ಹೇಳಿಬಿಡಿ ಮತ್ತೆ.”

“ಈಗ ಹೇಳಿದ್ರೆ ಮೋಸ ಮಾಡಿದ ಅಂತಾರೆ. ಮುಖ ಎಲ್ಲಿಟ್ಕೊಳ್ಳಲಿ?”

ನಾಲ್ಕನೆಯ ದಿನ ಟೈಪಿಸ್ಟಮ್ಮ ಮೆಟ್ಟಿಲ ಹತ್ತಿರ ಕುಸಿದು ಕೂತರು. ಮಧ್ಯಾಹ್ನ ಮಲಗಿದವರು ನಾಲ್ಕಕ್ಕೆ ಎದ್ದು, ಪರದೆಯ ಸಂದಿಯಲ್ಲಿ ಬಿಸಿಲು ನೋಡಿ, ಬೆಳಗಾಯಿತೆಂದುಕೊಂಡು ಹಲ್ಲುಜ್ಜಿ, ಬೆಳಗಿನ ರಕ್ತದೊತ್ತಡದ ಮಾತ್ರೆಯನ್ನು ಮತ್ತೊಮ್ಮೆ ನುಂಗಿದ್ದರು. ಆ ಊರಿನ ನರ್ಸು ಬಂದು, ಮಲಗಿಸಿ, ಗಂಟೆಗೊಮ್ಮೆ ಒತ್ತಡ ನೋಡಿ, ಗಾಬರಿಯಿಲ್ಲ ಎಂದ ಮೇಲೆ ಎಲ್ಲರಿಗೂ ಹೋದ ಜೀವ ಬಂತು. ಆದರೆ ವಿಚಾರಿಸಿದಾಗ, ಗುಟ್ಟಾಗಿ ಇದೇ ತಪ್ಪು ಮಾಡಿಕೊಂಡವರು ಇನ್ನೂ ಮೂವರಿದ್ದರು. ಸ್ವತಃ ಮ್ಯಾನೇಜರು ಸಂಜೆ ಐದಕ್ಕೆ ಕ್ಷೌರ ಮಾಡಿಕೊಂಡು ತಿಂಡಿಗೆಂದು ಹೋಗಿ ಕೂತಿದ್ದರಂತೆ.

ಮೇಡಂ ಹಣೆ ಒತ್ತಿಕೊಂಡರು. “ಇನ್ನೊಂದು ಸಲ ಹೀಗಾದ್ರೆ ಪ್ರವಾಸ ನಿಲ್ಲಿಸಿ ಎಲ್ಲರನ್ನೂ ವಾಪಸು ಕರ್ಕೊಂಡು ಹೋಗಬೇಕಾಗುತ್ತೆ. ಫೋನಲ್ಲಿ ಅಲಾರಾಂ ಇಟ್ಕೊಳ್ಳಿ.”

“ಇಟ್ಟಿದೀವಲ್ಲ. ಹದಿನೆಂಟು ಫೋನು ಹದಿನೆಂಟು ಥರ ಬಡ್ಕೊಂಡ್ರೆ, ಯಾವುದು ಯಾರ ಮಾತ್ರೆಗೆ ಅಂತ ಹೇಗೆ ಗೊತ್ತಾಗೋದು?” ಎಂದು ಯಾರೋ ಗೊಣಗಿದರು.

ಗಂಟೆಯಣ್ಣನ ಬಾಯಿಂದ ಮಾತು ತಾನಾಗಿ ಬಂತು. “ಒಂದೇ ಗಂಟೆ ಹೊಡೀಬೇಕು ಮೇಡಂ, ಎಲ್ಲರಿಗೂ ಸೇರಿ. ಬೆಳಿಗ್ಗೆಗೆ ಒಂಟಿ ಏಟು. ಮಧ್ಯಾಹ್ನಕ್ಕೆ ಎರಡೆರಡು. ರಾತ್ರಿಗೆ ಮೂರು ಮೂರು. ಏಟು ಎಣಿಸಿ ಮಾತ್ರೆ ತಗೊಳ್ಳೋದು. ಗಂಟೆ ಆಗದೇ ಯಾರೂ ಡಬ್ಬಿ ಮುಟ್ಟಬಾರದು.”

ಶಾಲೆಯ ಕರೆಗಂಟೆ ರಜೆಗೆಂದು ಬಂದ್ ಆಗಿತ್ತು. ಅವನು ಅಡುಗೆಮನೆಯಿಂದ ದೊಡ್ಡ ಉಕ್ಕಿನ ತಟ್ಟೆಯೊಂದನ್ನು ತಂದು, ಅದರ ಅಂಚಿನ ಕಿವಿಗೆ ಹಗ್ಗ ಕಟ್ಟಿ ಮೆಟ್ಟಿಲ ಕಂಬಿಗೆ ತೂಗುಬಿಟ್ಟ. ಸೌಟಿನ ಹಿಡಿಗೆ ಬಟ್ಟೆ ಸುತ್ತಿದ. ಮಣಿಕಟ್ಟು ಸಡಿಲ ಬಿಟ್ಟು, ತಟ್ಟೆಯ ನಡುವಿಗೆ ಹೊಡೆಯದೆ ಅಂಚಿಗೆ ಹೊಡೆದ. ಮೂರು ಏಟು, ಬಿಡುವು, ಮತ್ತೆ ಮೂರು. ನಾದ ಮೂರು ಮಹಡಿ ಹತ್ತಿತು. ಯಾರೂ ಬೆಚ್ಚಲಿಲ್ಲ, ಯಾರಿಗೂ ಕೇಳದೆ ಉಳಿಯಲಿಲ್ಲ.

ಮ್ಯಾನೇಜರು ಚಪ್ಪಾಳೆ ತಟ್ಟಿದರು. “ಭಲೇ ಮೇಷ್ಟ್ರೇ! ಸ್ಕೂಲಿನ ಜವಾನನೂ ಇಷ್ಟು ಚೆನ್ನಾಗಿ ಹೊಡೀತಿರಲಿಲ್ಲ ಬಿಡಿ!”

ಎಲ್ಲರೂ ನಕ್ಕರು. ಹೆಂಡತಿ ನಗಲಿಲ್ಲ, ಗಂಡನನ್ನೇ ನೋಡುತ್ತಿದ್ದಳು. ಅವನೂ ನಕ್ಕು ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಸೌಟು ಕೈಯಲ್ಲಿತ್ತು. ಆ ಕೈಯನ್ನು ತನ್ನದಲ್ಲ ಎನ್ನಲು ಮನಸ್ಸು ಬರಲಿಲ್ಲ.

“ನಾನು ಜವಾನನೇ ಸಾರ್,” ಎಂದ. “ಮೇಷ್ಟ್ರಲ್ಲ. ಮೂವತ್ತೆಂಟು ವರ್ಷ ಗಂಟೆ ಹೊಡೆದಿದೀನಿ. ನೀವು ಮೇಷ್ಟ್ರು ಅಂದ್ರಿ, ಕೇಳೋಕೆ ಚೆನ್ನಾಗಿತ್ತು. ಅಲ್ಲ ಅನ್ನಲಿಲ್ಲ. ತಪ್ಪು ನಂದೇ.”

ಮ್ಯಾನೇಜರ ಮುಖ ಕೆಂಪಾಯಿತು. ಅರ್ಧ ತೆರೆದ ಬಾಗಿಲಿನಿಂದ, ಮಲಗಿದಲ್ಲಿಂದಲೇ ಟೈಪಿಸ್ಟಮ್ಮನ ದನಿ ಬಂತು:

“ಅಯ್ಯೋ ಮಹಾರಾಯ! ನೀವು ಹೇಳಿದ್ದನ್ನೆಲ್ಲ ಎರಡು ಪೇಜು ಬರ್ಕೊಂಡಿದೀನಲ್ಲ, ಹರಿದು ಹಾಕಲಾ?”

“ಗಾಳಿಗೆ ಹೆದರಿ ಅನ್ನೋದು ಮಾತ್ರ ಇರಲಿ,” ಎಂದು ಮೇಡಂ ನಕ್ಕರು. “ಅದು ಮುಕ್ಕಾಲು ಪಾಲು ಸರಿ.”

ಆಗ ಬಂದ ನಗು ಬೇರೆ ಥರದ್ದು. ಮ್ಯಾನೇಜರು ಮಾತ್ರ ಸೇರಲಿಲ್ಲ. ರಾತ್ರಿ ಊಟಕ್ಕೆ ಬೇರೆ ಮೇಜಿಗೆ ಹೋದರು.

ಮರುದಿನ ಕ್ಲಾಸಿನಲ್ಲಿ ಗಂಟೆಯಣ್ಣ ಮೊದಲ ಬೆಂಚಿನಲ್ಲಿ ಕೂತ. ಮೇಡಂ ಬಾಯಿ ತೆರೆಯುವ ಮೊದಲೇ ಎದ್ದು ನಿಂತ.

“ಮೇಡಂ, ನಂದೊಂದು ಅನುಮಾನ. ಬೇಸಿಗೇಲಿ ನೆತ್ತಿ ಸೂರ್ಯನ ಕಡೆ ವಾಲಿರುತ್ತೆ ಅಂದ್ರಿ. ಚಳಿಗಾಲಕ್ಕೆ ಆ ಕಡೆಗೆ ವಾಲಬೇಕಲ್ಲ, ಆಗ ಭೂಮೀನ ತಿರುಗಿಸೋದು ಯಾರು?”

ಯಾರೂ ನಗಲಿಲ್ಲ. ಅವರಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮೇಡಂ ಆಲೂಗೆಡ್ಡೆಯನ್ನು ಪಕ್ಕಕ್ಕಿಟ್ಟರು.

“ಬನ್ನಿ ಇಲ್ಲಿ. ನೀವೇ ಭೂಮಿ. ಸೂರ್ಯ ಯಾರಾಗ್ತೀರಿ? ಮ್ಯಾನೇಜರ್ ಸಾರ್, ನೀವೇ ಬನ್ನಿ, ನಡುವೆ ನಿಂತ್ಕೊಳ್ಳಿ.”

ಮ್ಯಾನೇಜರು ಬೇಕೋ ಬೇಡವೋ ಎಂಬಂತೆ ಬಂದು ನಿಂತರು. ಗಂಟೆಯಣ್ಣ ಮೇಡಂ ಹೇಳಿದಂತೆ ತಲೆಯನ್ನು ಬಾಗಿಲ ಕಡೆಗೆ ವಾಲಿಸಿ, ಹಾಗೇ ವಾಲಿಕೊಂಡು ಅವರ ಸುತ್ತ ನಡೆದ. ಎಲ್ಲಿಗೆ ಹೋದರೂ ತಲೆ ಬಾಗಿಲ ಕಡೆಗೇ ಇರಬೇಕು, ಅದೇ ಕರಾರು. ಬಾಗಿಲಿಗೆ ಎದುರಿನ ಕಿಟಕಿಯ ಬದಿಗೆ ಬಂದಾಗ ತಲೆ ಮ್ಯಾನೇಜರ ಕಡೆಗಿತ್ತು. ಅರ್ಧ ಸುತ್ತು ಮುಗಿಸಿ ಬಾಗಿಲ ಬದಿಗೆ ಬಂದಾಗ ಅದೇ ತಲೆ ಅವರಿಂದ ದೂರಕ್ಕಿತ್ತು.

ಅವನು ನಿಂತುಬಿಟ್ಟ. “ಹಾಗಾದ್ರೆ ಯಾರೂ ತಿರುಗಿಸಲ್ಲ! ವಾಲಿದ್ದು ವಾಲಿದ ಹಾಗೇ ಇರುತ್ತೆ. ನಾನು ಈ ಕಡೆಗೆ ಬಂದೆ, ಅಷ್ಟೇ!”

“ಅಷ್ಟೇ,” ಎಂದರು ಮೇಡಂ.

“ಇನ್ನೊಂದು ಸುತ್ತು ಹಾಕ್ರೀ,” ಎಂದರು ಮ್ಯಾನೇಜರು. “ನಾನೂ ಅದು ಆ ಕಡೆ ಈ ಕಡೆ ತೂಗುತ್ತೆ ಅಂತ್ಲೇ ತಿಳ್ಕೊಂಡಿದ್ದೆ. ಅರವತ್ತೊಂಬತ್ತು ವರ್ಷ!”

ಆಮೇಲೆ ಅವರೇ ಭೂಮಿಯಾದರು, ಗಂಟೆಯಣ್ಣ ಸೂರ್ಯನಾದ. ಎಲ್ಲರೂ ಸರದಿಯ ಮೇಲೆ ಕತ್ತು ವಾಲಿಸಿಕೊಂಡು ಸುತ್ತಿದರು. ಎದ್ದು ಬಂದಿದ್ದ ಟೈಪಿಸ್ಟಮ್ಮ ಕುರ್ಚಿಯಲ್ಲೇ ಕೂತು ತಪ್ಪು ಹಿಡಿದರು. ಕೊನೆಗೆ ಅಡುಗೆಯವನು ಬಾಗಿಲಲ್ಲಿ ನಿಂತು, ಗಡಿಯಾರದ ಕಡೆ ಬೆರಳು ಮಾಡಿ ತನ್ನ ಭಾಷೆಯಲ್ಲಿ ಏನೋ ಕೂಗಿದ. ಅನುವಾದ ಬೇಕಾಗಲಿಲ್ಲ. ಸೂಪು ಆರಿಹೋಗಿತ್ತು.

ಮೇಷ್ಟ್ರು ಎಂಬ ಹೆಸರು ಅಂದಿಗೆ ಹೋಯಿತು. ಕಿಟಕಿ ಸೀಟು ಸರದಿಯ ಮೇಲೆ ಎಲ್ಲರಿಗೂ ಹಂಚಿಹೋಯಿತು. ಅವನ ಪಾಲಿಗೆ ಬಂದದ್ದು ಒಂದೇ ದಿನ. ಮ್ಯಾನೇಜರು ಮೊದಲಿನಷ್ಟು ಸಲಿಗೆಯಿಂದ ಬೆನ್ನು ತಟ್ಟಲಿಲ್ಲ. ಆದರೆ ಕ್ಲಾಸಿನಲ್ಲಿ ಬಂದು ಪಕ್ಕದಲ್ಲೇ ಕೂತರು. ಉಳಿದ ದಿನಗಳಲ್ಲಿ ಗಂಟೆಯಣ್ಣ ಹತ್ತೊಂಬತ್ತು ಪ್ರಶ್ನೆ ಕೇಳಿದ. ಹದಿನೇಳಕ್ಕೆ ಉತ್ತರ ಸಿಕ್ಕಿತು. ಎರಡಕ್ಕೆ ಮೇಡಂ, “ಇದು ನನಗೂ ಗೊತ್ತಿಲ್ಲ,” ಎಂದರು.