ಕೃತಜ್ಞತೆಯ ಪುಟ

“ಬಾಗಿಲು ತೆರೆದಿದ್ದರೂ ಕುದುರೆ ಯಾಕಪ್ಪಾ ಹೊರಗೆ ಬರಲಿಲ್ಲ?”

ಕೇಳಿದ್ದು ಖಾಲಿ ಬೆಂಚುಗಳನ್ನು. ಮಕ್ಕಳು ಬರಲು ಇನ್ನೂ ಹತ್ತು ನಿಮಿಷವಿತ್ತು. ಪಾಠಕ್ಕೆ ಮೊದಲು ಪ್ರಶ್ನೆಯನ್ನು ಒಮ್ಮೆ ಗಟ್ಟಿಯಾಗಿ ಹೇಳಿ, ಅದು ಗೋಡೆಗೆ ಬಡಿದು ಮರಳುವುದನ್ನು ಕೇಳಿಸಿಕೊಳ್ಳುವುದು ಮೇಷ್ಟರ ರೂಢಿ. ಓದಲು ಕಲಿಯುವ ಮೊದಲೇ ಅಮ್ಮನ ಬಾಯಲ್ಲಿ ಪದ್ಯ ಕೇಳಿ ಬೆಳೆದ ಕಿವಿ. ಇಂಗ್ಲಿಷ್ ಕಲಿಸಲು ತೊಡಗಿ ಹನ್ನೊಂದು ವರ್ಷವಾದರೂ ಅದಕ್ಕೆ ಕಣ್ಣಿನ ಮೇಲೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಪಠ್ಯದ ಆ ಭಾಗಕ್ಕೆ ‘ಅಧಿಕಾರ ಮತ್ತು ಸಂಘರ್ಷ’ ಎಂದು ಹೆಸರು. ಇವತ್ತಿನ ಪದ್ಯದಲ್ಲಿ ಯುದ್ಧ ಮುಗಿದಿದೆ. ರಾಜ ಲಾಯದ ಬಾಗಿಲು ತೆಗೆಸಿದ್ದಾನೆ. ಎಲ್ಲ ಕುದುರೆಗಳೂ ಓಡಿಹೋಗಿವೆ. ಒಂದು ಮಾತ್ರ, ಬೆನ್ನಿನಿಂದ ಇಳಿಸಿದ ಜೀನನ್ನು ಮೂಸುತ್ತ ನಿಂತಲ್ಲೇ ನಿಂತಿದೆ.

“ಭಯ,” ಎಂದ ಒಬ್ಬ ವಿದ್ಯಾರ್ಥಿ, ಪಾಠ ಶುರುವಾದ ಮೇಲೆ. “ಅಭ್ಯಾಸ,” ಎಂದ ಇನ್ನೊಬ್ಬ. ಎರಡೂ ಗೈಡಿನ ಉತ್ತರಗಳೇ.

ಕೊನೆಯ ಬೆಂಚಿನ ಹುಡುಗಿ ಕುಳಿತಲ್ಲಿಂದಲೇ ಹೇಳಿದಳು: “ರಾಜ ಒಳ್ಳೆಯವನಿದ್ದನೇನೋ ಸಾರ್.”

“ಗೈಡಲ್ಲಿ ಹಾಗಿದೆಯೇನಮ್ಮ?”

“ಇಲ್ಲ.”

“ಮತ್ತೆ?”

ತರಗತಿ ನಕ್ಕಿತು. ಮೇಷ್ಟರೂ ನಕ್ಕರು. ಆ ಗೈಡು ಬರೆದವರು ಅವರೇ. ಮುಖಪುಟದಲ್ಲಿ ಇದ್ದದ್ದು ಮಾತ್ರ ವಿಭಾಗದ ಮುಖ್ಯಸ್ಥರ, ಎಲ್ಲರೂ ಕರೆಯುವಂತೆ ದೊಡ್ಡ ಸಾರ್ ಅವರ ಹೆಸರು.

ದೊಡ್ಡ ಸಾರ್ ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ನೌಕರಿ ಕೊಡಿಸಿದವರು ಅವರು. ಅಮ್ಮ ಆಸ್ಪತ್ರೆಯಲ್ಲಿ ಬಿಳಚಿಕೊಂಡು ಮಲಗಿದ್ದಾಗ ಯಾರೂ ಕೇಳದೆ ತಾವಾಗಿಯೇ ಅಂಗಿಯ ತೋಳು ಮಡಚಿ ರಕ್ತ ಕೊಟ್ಟವರು. ಆಮೇಲೆ ಅಮ್ಮ ಏಳು ವರ್ಷ ಬದುಕಿದಳು. ಏಳು ವರ್ಷವೂ ಬೆಳಗ್ಗೆ ಎದ್ದು ಪದ್ಯ ಹೇಳಿದಳು. ಆ ದನಿಯಲ್ಲಿ ದೊಡ್ಡ ಸಾರ್ ಕೊಟ್ಟ ರಕ್ತವೂ ಹರಿಯುತ್ತಿದೆ ಎನ್ನಿಸಿ ಮೇಷ್ಟರಿಗೆ ಎದೆ ತುಂಬಿ ಬರುತ್ತಿತ್ತು. ಅಂಥವರಿಗೆ ಒಂದು ಗೈಡು ಬರೆದುಕೊಡುವುದೇನು ಮಹಾ!

ಆದರೂ ಪ್ರತಿ ವರ್ಷ ಹೊಸ ಪ್ರತಿ ಕೈಗೆ ಬಂದಾಗ, ದೊಡ್ಡ ಸಾರ್ ಹೆಸರಿನ ಮೇಲೆ ಹೆಬ್ಬೆರಳಿಟ್ಟು ನೋಡುತ್ತಿದ್ದರು. ಅಲ್ಲಿ ತಮ್ಮ ಹೆಸರು ಹೇಗೆ ಕಂಡೀತು ಎಂದು. ತಕ್ಷಣ ನಾಚಿ ಬೆರಳು ತೆಗೆಯುತ್ತಿದ್ದರು.

ಮಧ್ಯಾಹ್ನ ಪ್ರೆಸ್ಸಿನವನು ಕರಡಚ್ಚು ಹಿಡಿದು ಬಂದ. “ಸಾರ್, ಈ ಕೃತಜ್ಞತೆಯ ಪುಟ ಒಂಚೂರು ನೋಡಿ.”

ಆ ಪುಟವನ್ನೂ ದೊಡ್ಡ ಸಾರ್ ಪರವಾಗಿ ಬರೆಯುತ್ತಿದ್ದವರು ಮೇಷ್ಟರೇ. ‘ಕರಡು ತಿದ್ದಿದ ಕಿರಿಯ ಮಿತ್ರರಿಗೆ’ ಎಂದು ಕೊನೆಯಲ್ಲಿ ತಮಗೆ ತಾವೇ ವಂದನೆ ಹೇಳಿಕೊಳ್ಳುವುದು ವಾಡಿಕೆ. ಈ ಸಲ ಅಲ್ಲಿ ಹೀಗಿತ್ತು: ‘ನನ್ನ ತಾಯಿಗೆ ರಕ್ತ ಕೊಟ್ಟು ಏಳು ವರ್ಷ ಉಳಿಸಿಕೊಟ್ಟ ವಿಭಾಗದ ಮುಖ್ಯಸ್ಥರಿಗೆ ನಾನು ಎಂದೆಂದಿಗೂ ಋಣಿ.’ ಕೆಳಗೆ ಮುಖ್ಯಸ್ಥರದೇ ಹೆಸರು.

“ತಮ್ಮ ತಾಯಿಗೆ ತಾವೇ ರಕ್ತ ಕೊಟ್ಟು, ತಮಗೆ ತಾವೇ ಕೈಮುಗಿದುಕೊಂಡಿದ್ದಾರಲ್ಲ ಸಾರ್!” ಪ್ರೆಸ್ಸಿನವನಿಗೆ ನಗು ತಡೆಯಲಾಗಲಿಲ್ಲ. “ಇನ್ನೊಂದು ಪ್ರತಿ ಅವರಿಗೂ ಕೊಟ್ಟುಬಂದೆ.”

ಯಾವಾಗ ಬರೆದೆ? ನೆನಪಿರಲಿಲ್ಲ. ಮೇಷ್ಟರು ಸಾಲನ್ನು ಮೆಲ್ಲಗೆ ಬಾಯಲ್ಲಿ ಹೇಳಿ ನೋಡಿದರು. ಕಿವಿ ಎಲ್ಲೂ ಎಡವಲಿಲ್ಲ.

ದೊಡ್ಡ ಸಾರ್ ಕೋಣೆಯ ಬಾಗಿಲು ತೆರೆದೇ ಇತ್ತು. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು.

“ಏನ್ರೀ ಇದು?”

“ಕೈತಪ್ಪಿ ಬಂದಿದೆ ಸಾರ್.”

“ಕೂತ್ಕೊಳ್ಳಿ. ಟೀ ಆರಿಹೋಗಿದೆ, ನಂಗೆ ಕುಡಿಯೋಕಾಗಲಿಲ್ಲ.” ಲೋಟವನ್ನು ಪಕ್ಕಕ್ಕೆ ಸರಿಸಿದರು. “ನಾನು ಕೊಟ್ಟಿದ್ದು ಒಂದು ಬಾಟಲಿ ರಕ್ತ. ತಗೊಂಡಿದ್ದು ಹನ್ನೊಂದು ಪುಸ್ತಕ.”

“ಹಾಗೆಲ್ಲ ಅನ್ನಬೇಡಿ ಸಾರ್.”

ಅವರು ಕರಡಚ್ಚನ್ನು ಮುಂದಕ್ಕೆ ತಳ್ಳಿದರು. ಮುಖಪುಟದಲ್ಲಿ ತಮ್ಮ ಹೆಸರು ಹೊಡೆದು, ಅಲ್ಲಿ ಕೆಂಪು ಶಾಯಿಯಲ್ಲಿ ಮೇಷ್ಟರ ಹೆಸರು ಬರೆದಿದ್ದರು.

“ಇದು ನಿಮ್ಮದು. ಇನ್ಮೇಲೆ ಬರೆಯೋದೂ ನಿಮ್ಮದೇ. ಆ ರಕ್ತದ ಸಾಲೊಂದನ್ನ ನಿಮ್ಮ ಕೈಯಾರೆ ಹೊಡೆದುಹಾಕಿ. ಅದು ಇರೋ ತನಕ ನಿಮಗೂ ಬಿಡುಗಡೆ ಇಲ್ಲ, ನನಗೂ ಇಲ್ಲ. ಹೊಡೆಯದಿದ್ರೆ ಪುಸ್ತಕ ಅಚ್ಚಿಗೇ ಹೋಗಲ್ಲ.”

ಪೆನ್ನನ್ನು ಮುಚ್ಚಳ ತೆಗೆದೇ ಕೊಟ್ಟರು.

ಮೇಷ್ಟರು ತಮ್ಮ ಹೆಸರನ್ನು ನೋಡಿದರು. ಯಾರೋ ಪರಿಚಯದವರ ಹೆಸರಿನಂತಿತ್ತು. ಪುಟ ತಿರುವಿದರು. ಹೊರಗೆ ಗಂಟೆ ಬಾರಿಸಿತು. ಮಕ್ಕಳು ಕೂಗಾಡುತ್ತ ಓಣಿಯುದ್ದಕ್ಕೂ ಓಡಿದರು. ಸದ್ದು ಅಡಗುವವರೆಗೆ ಕೇಳಿಸಿಕೊಂಡರು. ಆಮೇಲೆ, ತಮಗೇ ತಿಳಿಯದಂತೆ, ಕೃತಜ್ಞತೆಯ ಪುಟವನ್ನು ಎತ್ತಿ ಮುಖದ ಹತ್ತಿರ ಹಿಡಿದು, ಅದರ ಹಸಿ ಶಾಯಿಯನ್ನು ಮೂಸಿದರು.

“ಹೊಡೀರಿ, ದಮ್ಮಯ್ಯ,” ಎಂದರು ದೊಡ್ಡ ಸಾರ್.

“ಇಲ್ಲ ಸಾರ್. ಹೊಡೆಯಲ್ಲ.”