ಬೆಳ್ಳಿಗೂದಲ ಪುಟ್ಟಿ

ಏಳು ಕಡಲು ದಾಟಿ ಹುಡುಕಬೇಕಾದ ಕತೆಯಲ್ಲ ಇದು. ಎರಡು ಬೀದಿ ದಾಟಿದರೆ ಒಂದು ಫೋಟೋ ಸ್ಟುಡಿಯೋ, ಅದರೊಳಗೆ ಐವತ್ತಾರು ವರ್ಷದ ಒಬ್ಬಳು ಪುಟ್ಟಿ. ತೊಟ್ಟಿಲಲ್ಲಿದ್ದಾಗ ಕರೆದ ಹೆಸರು ಮನೆಯಿಂದ ಬೀದಿಗಿಳಿದು, ಅಲ್ಲೇ ಉಳಿದುಬಿಟ್ಟಿತ್ತು.

ಪುಟ್ಟಿಯ ಕಸುಬು ಜನರ ವಯಸ್ಸು ಇಳಿಸುವುದು. ಮೊದಲು ಸಣ್ಣ ಕುಂಚದಲ್ಲಿ ಮಾಡುತ್ತಿದ್ದ ಕೆಲಸವನ್ನು ಈಗ ಕಂಪ್ಯೂಟರಿನಲ್ಲಿ ಮಾಡುತ್ತಿದ್ದಳು. ಫೋಟೋದಲ್ಲಿ ನರೆಗೂದಲು ಕಂಡರೆ ಸಾಕು, ಅವಳ ಬಲಗೈ ತಾನಾಗಿ ಕಪ್ಪು ಬಳಿಯುತ್ತಿತ್ತು. ಇಡೀ ಬೀದಿಯ ಯೌವನ ಆ ಕೈಯಲ್ಲಿತ್ತು ಅನ್ನಿ.

ಅವಳ ಸ್ವಂತ ಯೌವನ ಮಾತ್ರ ಅಕ್ಕನ ಕೈಯಲ್ಲಿತ್ತು. ಹೆಡ್‌ಮಿಸ್ ಆಗಿ ನಿವೃತ್ತಳಾದ ಅಕ್ಕ ಮೂರು ವಾರಕ್ಕೊಂದು ಭಾನುವಾರ ತಪ್ಪದೆ ಬರುತ್ತಿದ್ದಳು. ಸ್ಟುಡಿಯೋದ ಹಿಂದಿನ ಮನೆಯಲ್ಲಿ ಸ್ಟೂಲು ಹಾಕಿ, ಬಟ್ಟಲಲ್ಲಿ ಬಣ್ಣ ಕಲಸಿ, ಮೊದಲು ಅಕ್ಕ ತಂಗಿಯ ತಲೆಗೆ, ಆಮೇಲೆ ತಂಗಿ ಅಕ್ಕನ ತಲೆಗೆ. ಬಣ್ಣ ಹಿಡಿಯಲು ನಲವತ್ತು ನಿಮಿಷ. ಎಲ್ಲಿಗೂ ಹೋಗುವಂತಿಲ್ಲ, ಹಾಗಾಗಿ ಮಾತು. ಭಾವನ ಗೊರಕೆಯಿಂದ ಹಿಡಿದು, ಎಂದೋ ತೀರಿಕೊಂಡ ಅಮ್ಮನ ಬೈಗುಳದವರೆಗೆ ಎಲ್ಲವೂ ಆಗಲೇ ಹೊರಬರುತ್ತಿತ್ತು. ಉಳಿದ ದಿನ ಅಕ್ಕ ಫೋನಿನಲ್ಲಿ ಎರಡು ಮಾತಿನ ಹೆಂಗಸು: "ಊಟ ಆಯ್ತಾ? ಸರಿ, ಇಡ್ತೀನಿ." ಮದುವೆಯ ಗೋಜಿಗೇ ಹೋಗದ ಪುಟ್ಟಿಗೆ ಆ ಭಾನುವಾರವೇ ತವರು.

ಒಂದು ಗುರುವಾರ ನಿವೃತ್ತ ಬಸ್ ಡ್ರೈವರೊಬ್ಬರು ಬಂದು ತಮ್ಮ ಫೋಟೋವನ್ನು ಅವಳ ಮೇಜಿನ ಮೇಲಿಟ್ಟರು.

"ಏನ್ ತಾಯಿ ಇದು?"

"ನಿಮ್ಮ ಫೋಟೋ ಸಾರ್."

"ಅಲ್ಲ, ಇದು ನನ್ನ ಮಗ. ಹಿರಿಯರ ಬಸ್ ಪಾಸಿಗೆ ಅಂತ ಕೊಟ್ರೆ, ನಿಮ್ಮ ಮಗನಿಗೆ ಇನ್ನೂ ವಯಸ್ಸಾಗಿಲ್ಲ, ಇಪ್ಪತ್ತು ವರ್ಷ ಬಿಟ್ಟು ಕಳಿಸಿ ಅಂತಾಳೆ ಕೌಂಟರಿನ ಹುಡುಗಿ! ಕಪ್ಪು ಮಾಡ್ಬೇಡಿ ಅಂತ ಎರಡು ಸಲ ಹೇಳಿದ್ನಲ್ಲ?"

ಪುಟ್ಟಿ ನಾಲಿಗೆ ಕಚ್ಚಿಕೊಂಡಳು. "ಅಭ್ಯಾಸ ಸಾರ್, ಕೈ ಕೇಳಲ್ಲ."

"ಅರವತ್ತೈದು ವರ್ಷ ಕಾದು ಬಂದ ಕೂದಲು ಅದು. ವಾಪಸ್ ಕೊಡಿ ಮತ್ತೆ."

ಅವಳು ಮೂಲ ಫೋಟೋವನ್ನು ತೆರೆದು ದೊಡ್ಡದು ಮಾಡಿದಳು. ಹಾಗೇ ಕೈ ನಿಂತಿತು. ಬಿಳಿ ಎಂದರೆ ಒಂದೇ ಬಿಳಿಯಲ್ಲ! ಹಣೆಯ ಮೇಲೆ ಹಾಲಿನ ನೊರೆ, ಕಿವಿಯ ಪಕ್ಕ ಹೊಗೆಯ ಎಳೆ, ನೆತ್ತಿಯಲ್ಲಿ ಹುಣ್ಣಿಮೆಯ ಚೂರು. ಅವಳು ಇಷ್ಟು ವರ್ಷ ಬಳಿದ ಕಪ್ಪಿಗೋ ಒಂದೇ ಬಣ್ಣ, ಹೊಸ ಟೈರಿನದು.

ಡ್ರೈವರು ತಮ್ಮ ಕೂದಲು ತೆಗೆದುಕೊಂಡು ಹೋದ ಮೇಲೆ ಪುಟ್ಟಿ ಕನ್ನಡಿಯ ಮುಂದೆ ಬೈತಲೆ ಬಗೆದು ನೋಡಿದಳು. ಬುಡದಲ್ಲಿ ಬೆಳ್ಳಿಯ ಗೆರೆ. ಪೂರ್ತಿ ಬಂದರೆ ಹೇಗಿರುತ್ತದೋ ನೋಡುವ ಆಸೆ ಅವಳಿಗೆ. ಆಸೆಯ ಬೆನ್ನಿಗೇ ಅಳುಕು: ಬಣ್ಣ ಬಿಟ್ಟರೆ ಅಕ್ಕ ಯಾವ ನೆಪಕ್ಕೆ ಬರುತ್ತಾಳೆ?

ಆದರೂ ಭಾನುವಾರ ಹೇಳಿಯೇಬಿಟ್ಟಳು. "ಅಕ್ಕಾ, ನಂಗೆ ಬೇಡ."

"ಶೀತ ಆಗಿದ್ಯಾ?"

"ಇಲ್ಲ. ಇನ್ಮೇಲೆ ಹಚ್ಚೋದೇ ಬೇಡ."

ಬಣ್ಣ ಕಲಸುತ್ತಿದ್ದ ಅಕ್ಕ ತಲೆಯೆತ್ತಿದಳು. "ತಲೆ ನೆಟ್ಟಗಿದೆ ತಾನೆ? ನೀನು ಬೆಳ್ಳಗಾದ್ರೆ ನನ್ನ ಗತಿ ಏನೇ? ತಂಗಿನೇ ಹಿಂಗಿದ್ರೆ ಅಕ್ಕನಿಗೆ ಎಷ್ಟಾಗಿರ್ಬೇಕು ಅಂತ ಜನ ಬೆರಳು ಮಡಚ್ತಾರೆ."

"ಮಡಚ್ಲಿ ಬಿಡು."

"ನಿಂಗೇನಮ್ಮ, ಹೇಳ್ತೀಯ. ನಂಗೂ ಕೈ ಇದೆ, ನಾನೇ ಹಚ್ಕೋತೀನಿ." ಅಕ್ಕ ಬಟ್ಟಲನ್ನೂ ಎತ್ತಿಕೊಂಡು ದಡದಡನೆ ಹೊರಟುಹೋದಳು.

ಮೂರು ವಾರವಾಯಿತು, ಅಕ್ಕ ಬರಲಿಲ್ಲ. ಆರಾಯಿತು. ಫೋನಿನಲ್ಲಿ ಅದೇ ಊಟ, ಅದೇ ಇಡ್ತೀನಿ. ಇತ್ತ ತಲೆ ಅರ್ಧ ಕಪ್ಪು, ಅರ್ಧ ಬಿಳಿ. "ಪುಟ್ಟಮ್ಮ, ಯಾರೋ ಸುಣ್ಣ ಹೊಡೆಯೋಕೆ ಶುರು ಮಾಡಿ ಮಧ್ಯದಲ್ಲೇ ಕೂಲಿ ಸಾಲದು ಅಂತ ಹೋದಂಗಿದೆ," ಎಂದು ತರಕಾರಿಯವಳು ನಕ್ಕಳು. ಪುಟ್ಟಿಯೂ ನಕ್ಕಳು, ಆದರೆ ಅಂಗಡಿಯಲ್ಲಿ ಬಣ್ಣದ ಪೊಟ್ಟಣವನ್ನು ಕೈಗೆತ್ತಿಕೊಂಡಳು. ಇದನ್ನು ಹಿಡಿದು ಹೋದರೆ ಅಕ್ಕ ಬಾಗಿಲು ತೆಗೆಯುತ್ತಾಳೆ, ಗೊತ್ತು. ಎಷ್ಟೋ ಹೊತ್ತು ಹಿಡಿದು ನಿಂತಳು. ಕೊನೆಗೆ ಇಟ್ಟು ಹೊರಬಂದವಳು ಸೀದಾ ಪಾರ್ಲರಿಗೆ ಹೋಗಿ ಕಪ್ಪಿದ್ದಷ್ಟನ್ನೂ ಕತ್ತರಿಸಿ ಹಾಕಿಸಿದಳು. ತಲೆಯ ಮೇಲೆ ಉಳಿದದ್ದು ಒಂದು ಬೆರಳಷ್ಟು ಬೆಳ್ಳಿ. ಗಾಳಿ ನೇರವಾಗಿ ನೆತ್ತಿಗೇ ಬಂದು ಮುಟ್ಟಿತು, ಅವಳಿಗೆ ಬೀದಿಯುದ್ದಕ್ಕೂ ನಗು.

ಮುಂದಿನ ಭಾನುವಾರ ಬಾಗಿಲು ಬಡಿದ ಸದ್ದು. ತಲೆಗೆ ಸ್ಕಾರ್ಫ್ ಸುತ್ತಿದ ಅಕ್ಕ! ಒಬ್ಬರನ್ನೊಬ್ಬರು ನೋಡುತ್ತ ನಿಂತಿರುವಾಗಲೇ ಹೊಸ ಕೊರಿಯರ್‌ನವನು ಬಂದ.

"ಅಜ್ಜಿ, ಇಲ್ಲೊಂದು ಸಹಿ. ಕಷ್ಟ ಆದ್ರೆ ನಿಮ್ಮ ಮಗಳೇ ಹಾಕ್ಲಿ."

ಅಜ್ಜಿ ಎಂದದ್ದು ತನಗೆ; ಪುಟ್ಟಿ ಅಕ್ಕನತ್ತ ನೋಡಿದಳು. ಅಕ್ಕನ ಮುಖ ನಿಧಾನವಾಗಿ ಅರಳಿತು.

"ಕೊಡಪ್ಪ, ನಾನೇ ಹಾಕ್ತೀನಿ," ಎಂದಳು ಕೊರಳು ಕೊಂಕಿಸಿ. "ನಮ್ಮಮ್ಮಂಗೆ ಈಗೀಗ ಕಣ್ಣು ಮಂಜು."

ಅವನು ಬೀದಿಯ ತಿರುವು ದಾಟುವವರೆಗೂ ತಡೆದುಕೊಂಡು ಇಬ್ಬರೂ ಹೊಸ್ತಿಲ ಮೇಲೇ ಕುಸಿದು ಕೂತು ನಕ್ಕರು. ನಕ್ಕೂ ನಕ್ಕೂ ಅಕ್ಕನ ಸ್ಕಾರ್ಫ್ ಜಾರಿತು. ಮುಂದೆಲ್ಲ ಕಪ್ಪು, ಹಿಂದೆ ಅಲ್ಲಲ್ಲಿ ಬಿಳಿ, ದನ ಮೇಯ್ದು ಬಿಟ್ಟ ಹೊಲದಂತೆ. ಕಿವಿಯ ತುಂಬ ಮಸಿ.

"ನೋಡ್ಬೇಡ್ವೇ. ಹಿಂದುಗಡೆ ಕೈ ಎಟುಕಲ್ಲ," ಎಂದಳು ಅಕ್ಕ. "ನೀನು ಹಿಂಗೇ ಇರು, ಚೆನ್ನಾಗಿದೆ. ನಿನ್ ಪಕ್ಕ ನಿಂತ್ರೆ ನಂಗೆ ನಲವತ್ತು ದಾಟಲ್ಲ. ಆದ್ರೆ ನಾನು ಬಣ್ಣ ಬಿಡಲ್ಲ, ಹಚ್ಚೋಳು ನೀನೇ."

"ನಂಗೂ ಕೈ ಇದೆ ಅಂದಿದ್ಯಲ್ಲ?"

"ಬಾಯಿ ಮುಚ್ಕೊಂಡು ಬಟ್ಟಲು ಹಿಡ್ಕೋ, ಅಮ್ಮಾ."

ಪುಟ್ಟಿ ಹಚ್ಚಿದಳು. ಅಕ್ಕನ ಬಾಯಿಂದ ಏಳು ವಾರ ಕೂಡಿಟ್ಟ ಮಾತು ಕಟ್ಟೆಯೊಡೆಯಿತು. ಭಾವ ಈಗ ಗೊರಕೆ ಹೊಡೆಯುತ್ತಲೇ ಜಗಳಕ್ಕೂ ಉತ್ತರ ಕೊಡುತ್ತಾರಂತೆ.

"ಅಕ್ಕಾ, ಒಂದು ಗಂಟೆ ಆಯ್ತು. ತೊಳ್ಕೋಬೇಕು, ಏಳು."

"ಕೂದಲು ಹೋದ್ರೆ ಹೋಗ್ಲಿ, ನೀನು ಕೂತ್ಕೊಳೇ. ಇನ್ನೂ ಅರ್ಧ ಕೂಡ ಹೇಳಿಲ್ಲ."