ಅಕ್ಕೋರ ಕಿರುಬೆರಳು

ಫ್ಯಾನು ನಿಷಾದ ಸ್ವರದ ಆಸುಪಾಸಿನಲ್ಲಿ ಕಿರುಗುಟ್ಟುತ್ತಿದೆ, ಪೂರ್ತಿ ನಿಷಾದವೂ ಅಲ್ಲ, ಕೂದಲೆಳೆಯಷ್ಟು ಕೆಳಗೆ, ಸೊರಬದಲ್ಲಿ ಇಷ್ಟು ದೊಡ್ಡ ಸಮುದಾಯ ಭವನ ಕಟ್ಟಿದವರು ಆ ಫ್ಯಾನಿಗೆ ಒಂದು ತೊಟ್ಟು ಎಣ್ಣೆ ಬಿಡಬಾರದಿತ್ತೇ — ಇರಲಿ, ನನ್ನ ಕೆಲಸ ತಂಬೂರಿ ಮೀಟುವುದು, ನಾಲ್ಕು ತಂತಿ, ಒಂದಾದ ಮೇಲೊಂದು, ನಡುಬೆರಳು, ತೋರುಬೆರಳು, ತೋರುಬೆರಳು, ತೋರುಬೆರಳು, ಒಂಬತ್ತು ವರ್ಷದಿಂದ ಇದೇ, ಕಣ್ಣೆದುರಿಗೆ ನನ್ನ ಗುರು ಅಕ್ಕೋರ ಬೆನ್ನು, ಹಸಿರು ರೇಷ್ಮೆ ಸೀರೆ, ಕುತ್ತಿಗೆಯ ಹತ್ತಿರ ಹೊರಗಿಣುಕಿದ ಬ್ಲೌಸಿನ ದಾರ, ಜಮಖಾನದ ಮೇಲೆ ಊರಿದ ಎಡಗೈ, ಆ ಕೈಯ ಸೊಟ್ಟ ಕಿರುಬೆರಳು. ವಿದುಷಿ ನೀಲಾಂಬಿಕ ಎಂದರೆ ಜನರಿಗೆ ಮುಖ, ಕಾಸಗಲ ಕುಂಕುಮ, ರೇಡಿಯೋದ ದನಿ, ನನಗೆ ಮಾತ್ರ ಬೆನ್ನು, ಆ ಬೆನ್ನಿನ ಬಗ್ಗೆ ಪರೀಕ್ಷೆ ಇಟ್ಟರೆ ಫಸ್ಟ್ ಕ್ಲಾಸು ನನ್ನದೇ. ಬೆರಳು ಹುಬ್ಬಳ್ಳಿಯಲ್ಲಿ ಕಾರಿನ ಬಾಗಿಲಿಗೆ ಸಿಕ್ಕು ಸೊಟ್ಟಗಾದದ್ದು, ಅವತ್ತೂ ಕೈಗೆ ಬಟ್ಟೆ ಸುತ್ತಿಕೊಂಡು ಹಾಡಿದರಂತೆ, ಹಟಮಾರಿ ಹೆಂಗಸು, ಈಗ ಅದೇ ಬೆರಳು ನನಗೆ ಅಪ್ಪಣೆ — ಸ್ವರ ಮೇಲೇರುವಾಗ ಗಂಟಲು ಕೈಕೊಡುತ್ತದೆ ಎಂದು ಗೊತ್ತಾದೊಡನೆ ಅದು ಜಮಖಾನದಿಂದ ಒಂದಿಂಚು ಏಳುತ್ತದೆ, ಹಿಂದಿನಿಂದ ನಾನು ಆ ಸ್ವರ ಹಿಡಿಯುತ್ತೇನೆ, ಅಕ್ಕೋರು ಬಾಯಿ ತೆರೆದೇ ಇಟ್ಟುಕೊಂಡು ತಲೆ ತೂಗುತ್ತಾರೆ, ಮುಂದೆ ಕೂತವರಿಗೆ ಕೇಳುವುದು ಒಂದೇ ದನಿ. ದಾವಣಗೆರೆ ಕಛೇರಿಯ ವಿಡಿಯೋ ನಾಲ್ಕು ಲಕ್ಷ ಜನ ನೋಡಿದ್ದಾರೆ, ಹನ್ನೊಂದನೇ ನಿಮಿಷ, ಈ ವಯಸ್ಸಲ್ಲೂ ಎಂಥಾ ಕಂಠ ತಾಯಿ ಎಂದು ಕೆಳಗೆ ಬರೆದವರೇ ನೂರಾರು, ಆ ಹನ್ನೊಂದನೇ ನಿಮಿಷ ನಾನು, ಕ್ಯಾಮೆರಾ ಮಾತ್ರ ಅಕ್ಕೋರ ಮುಖ ಬಿಟ್ಟು ಅಲ್ಲಾಡಿಲ್ಲ. ಅಪ್ಪ ಒಮ್ಮೆ ಅಂಜನಾಪುರದ ಬಸ್ ಸ್ಟ್ಯಾಂಡಿನಲ್ಲಿ ಮೊಬೈಲು ಮುಂದೆ ಹಿಡಿದು ಇದು ನಮ್ ಧನ್ಯಾ ಹಾಡಿದ್ದು ಕಣ್ರೀ ಎಂದರಂತೆ, ಪರಮಶಿವಪ್ಪ, ನಿಂಗೆ ಮಗಳ ಮೇಲೆ ಮಮತೆ ಸ್ವಲ್ಪ ಜಾಸ್ತಿನೇ ಆತು ಬಿಡು ಎಂದು ಎಲ್ಲರೂ ನಕ್ಕರಂತೆ. ಆಮೇಲೆ ಅಪ್ಪ ಯಾರಿಗೂ ತೋರಿಸಲಿಲ್ಲ.

ಅದೇ ಅಪ್ಪ ಈಗ ಎರಡನೇ ಸಾಲಿನಲ್ಲಿದ್ದಾರೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಕ್ಕದಲ್ಲಿ ಅಮ್ಮ, ಅಮ್ಮನ ಕೈಯಲ್ಲಿ ಆಮಂತ್ರಣ ಪತ್ರಿಕೆ, ಮನೆಯ ಫ್ರಿಜ್ಜಿಗೆ ಅಂಟಿಸಿದ್ದನ್ನು ಕಿತ್ತು ತಂದಿದ್ದಾಳೆ, ಹತ್ತೂವರೆಗೆ ಕುಮಾರಿ ಧನ್ಯಾ ಅವರಿಂದ ಇಪ್ಪತ್ತು ನಿಮಿಷ ಗಾಯನ, ಅಕ್ಷರ ಸಾಸಿವೆ ಕಾಳಿನಷ್ಟು, ಆದರೂ ಹೆಸರು ಹೆಸರೇ, ಒಂಬತ್ತು ವರ್ಷದಲ್ಲಿ ಮೊದಲ ಸಲ ಅಚ್ಚಾದದ್ದು. ಈಗ ಹನ್ನೊಂದು ದಾಟಿದೆ. ಕಾರ್ಯಕ್ರಮ ಇಟ್ಟ ಹೊಸಬಾಳೆಯ ಉಚ್ಚಂಗಪ್ಪನವರು ಬೆಳಿಗ್ಗೆ ಹಿಂದಿನ ಕೋಣೆಗೆ ಬಂದು, ಮೊದ್ಲು ಈ ಹುಡುಗೀನ ಕೂರಿಸ್ಬಿಡಾಣ ಅಲ್ರಾ ಅಕ್ಕೋರೆ ಎಂದರು, ಅಕ್ಕೋರು ಬಿಸಿನೀರಿನ ಲೋಟ ತುಟಿಯಿಂದ ತೆಗೆಯದೆ, ಜನ ಕಾಯ್ತಾ ಕೂತಾರೆ ರೀ, ಇವಳದು ಮತ್ತೊಂದ್ಸಲ ಇಟ್ಕೊಂಡ್ರಾತು, ಇವಳೇನು ಓಡಿ ಹೋಗ್ತಾಳಾ, ಎಂದರು. ಅಷ್ಟೇ. ಬೈದಿದ್ದರೆ ಅಳಬಹುದಿತ್ತು, ಬೈಯಲೂ ಇಲ್ಲ, ಹೂಂ ಅಕ್ಕೋರೆ ಎಂದೆ, ನನ್ನ ಬಾಯಿಗೆ ಬರುವುದೇ ಅದೊಂದು ಮಾತು, ಒಳಗೆ ಮಾತ್ರ ಎಲ್ಲಿಲ್ಲದ ಸಿಟ್ಟು. ಅಕ್ಕೋರನ್ನು ವೇದಿಕೆಗೆ ಕರೆದುಕೊಂಡು ಹೋಗಿ ಶಾಲು ಹೊದಿಸಿ ಭಾಷಣ ಮಾಡುತ್ತಿದ್ದಾಗ ಕೋಣೆಯಲ್ಲಿ ನಾನು, ತಂಬೂರಿ, ತಬಲಾದ ಸುಬ್ಬಣ್ಣ. ಅಕ್ಕೋರ ಶ್ರುತಿ ಕಪ್ಪು ನಾಲ್ಕು, ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ, ಅರವತ್ತೈದಾದರೂ ಕಪ್ಪು ನಾಲ್ಕರಿಂದ ಇಳಿಯದ ಕಂಠ ಎಂದು ಪೇಪರಿನವರು ಬರೆದದ್ದನ್ನು ಕಟ್ಟು ಹಾಕಿಸಿ ಶಿಕಾರಿಪುರದ ಮನೆಯ ಗೋಡೆಗೆ ತೂಗುಹಾಕಿದ್ದಾರೆ. ಇಳಿದಿದೆ. ಇಳಿಸಿದ್ದು ನಾನು. ನಾಲ್ಕು ವರ್ಷದ ಹಿಂದೆ ಒಂದು ದಿನ ಕೇಳದೆಯೇ ಅರ್ಧ ಸ್ವರ ಇಳಿಸಿ ಇಟ್ಟೆ, ಅವರು ಹಾಡಿದರು, ಏನೂ ಅನ್ನಲಿಲ್ಲ, ಹೋದ ವರ್ಷ ಇನ್ನರ್ಧ, ಆಗಲೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ, ತಂಬೂರಿ ರಿಪೇರಿ ಮಾಡುವ ಮಸ್ತಾನ್ ಸಾಬರು ಮಾತ್ರ ತಂತಿ ಮುಟ್ಟಿ, ಯಾಕಮ್ಮಾ ಇಷ್ಟು ಸಡ್ಲ ಬಿಟ್ಟೀರಿ ಎಂದು ನನ್ನ ಮುಖ ನೋಡಿದ್ದರು, ನಾನು ಅವರ ಗೋಡೆಯ ಕ್ಯಾಲೆಂಡರು ನೋಡಿದ್ದೆ. ಇವತ್ತು ತಂತಿ ಬಿಗಿಯುವ ಬಿರಡೆ ತಿರುಗಿಸಿದೆ. ಅರ್ಧ, ಆಮೇಲೆ ಇನ್ನರ್ಧ, ತಂತಿ ಬಿಗಿದುಕೊಳ್ಳುತ್ತ ಕಪ್ಪು ನಾಲ್ಕಕ್ಕೆ ಬಂದು ನಿಂತಿತು, ಸುಬ್ಬಣ್ಣ ಹುಬ್ಬೇರಿಸಿ, ಏನ್ ತಂಗೀ, ಇಷ್ಟು ಮೇಲಾ, ಎಂದ, ಅಕ್ಕೋರ ಶ್ರುತಿ ಇದೇ ಅಲ್ವಾ ಅಣ್ಣಾ ಎಂದೆ, ಅದೇನು ಸುಳ್ಳೇ, ಅವನು ಸುತ್ತಿಗೆ ತಗೊಂಡು ತಬಲಾ ಅದಕ್ಕೇ ಸೇರಿಸಿದ. ಕಪ್ಪು ನಾಲ್ಕು ನನ್ನ ಶ್ರುತಿಯೂ ಹೌದು, ಅದನ್ನು ಯಾವ ಪೇಪರಿನವರೂ ಬರೆದಿಲ್ಲ. ದನಿ ಒಡೆಯಲಿ, ಎಲ್ಲರೆದುರಿಗೆ ಒಡೆಯಲಿ, ಬೆರಳು ಏಳಲಿ, ನಾನು ತುಟಿ ಬಿಚ್ಚುವುದಿಲ್ಲ, ಆಗ ಗೊತ್ತಾಗಲಿ ಹನ್ನೊಂದನೇ ನಿಮಿಷ ಯಾರದೆಂದು — ಇಷ್ಟೇ ನನ್ನ ಲೆಕ್ಕಾಚಾರ, ಇದರಲ್ಲಿ ನಾಚಿಕೆಪಡುವಂಥದ್ದು ಇತ್ತೇನೋ, ನಾಚಿಕೆ ಆಗಲಿಲ್ಲ.

ಈಗ ಐದನೇ ಸುತ್ತೋ ಆರನೆಯದೋ ಮೀಟುತ್ತಿದ್ದೇನೆ, ಅಕ್ಕೋರು ಇನ್ನೂ ಷಡ್ಜ, ಹಾಡು ಶುರುವಾಗುವ ಆ ಮೊದಲ ಸ, ಇಟ್ಟಿಲ್ಲ. ಮೊದಲ ಮೀಟಿಗೇ ಅವರ ಕುತ್ತಿಗೆ ಸೆಟೆದುಕೊಂಡಿದ್ದನ್ನು ಕಂಡೆ, ಗೊತ್ತಾಗಿ ಹೋಯಿತು ಅವರಿಗೆ, ಗೊತ್ತಾಗದೆ ಇರುತ್ತದೆಯೇ, ಆದರೆ ಇಷ್ಟು ಜನರೆದುರು ಇಳಿಸು ಎನ್ನುವ ಹಾಗಿಲ್ಲ, ಈಗ ತಾನೇ ಉಚ್ಚಂಗಪ್ಪನವರು ಮೈಕಿನಲ್ಲಿ ಕಪ್ಪು ನಾಲ್ಕಿನ ಕಂಠ ಎಂದು ಹೊಗಳಿ ಕೆಳಗಿಳಿದಿದ್ದಾರೆ. ಜೌನಪುರಿ ಹಾಡ್ತೀನಿ ಎಂದು ಹೇಳಿಯೂ ಆಯಿತು, ಏರುತ್ತಲೇ ಹೋಗುವ ರಾಗ, ತಪ್ಪಿಸಿಕೊಳ್ಳಲು ಕೆಳಗೆ ಜಾಗವಿಲ್ಲ. ಮೊದಲ ವರ್ಷ ಎಂಟು ತಿಂಗಳು ನನಗೆ ಬರೀ ಷಡ್ಜ, ಅವರು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ, ಇನ್ನೊಂದ್ಸಲ, ಊಹೂಂ, ಇನ್ನೊಂದ್ಸಲ, ಕಾಯಿ ಮುಗಿದರೂ ನನ್ನ ಷಡ್ಜ ಮುಗಿಯುತ್ತಿರಲಿಲ್ಲ, ಒಂದು ದಿನ ಸಿಪ್ಪೆ ಕೆಳಗೆ ಹಾಕಿ ಹಾಂ ಎಂದರು, ಅವತ್ತು ನಾನು ಬಸ್ಸಿನಲ್ಲಿ ಅಂಜನಾಪುರದವರೆಗೂ ನಗುತ್ತಾ ಹೋದೆ. ಜನ ಕೆಮ್ಮುತ್ತಿದ್ದಾರೆ, ಸುಬ್ಬಣ್ಣ ನನ್ನ ಕಡೆ ನೋಡುತ್ತಿದ್ದಾನೆ, ಇಡಿ ಅಕ್ಕೋರೆ, ಷಡ್ಜವೊಂದನ್ನು ಇಡಿ, ಒಡೆಯುವುದು ಆಮೇಲೆ ತಾನೇ — ಬಲಗೈ ಎದ್ದಿತು, ಮೈಕಿನ ಕತ್ತು ಹಿಡಿದು ತಿರುಗಿಸುತ್ತಿದ್ದಾರೆ, ತಮ್ಮ ಕಡೆಗಲ್ಲ, ಹಿಂದಕ್ಕೆ, ನನ್ನ ಕಡೆಗೆ, ತಿರುಗಿ ನೋಡದೆ ತಂಬೂರಿಗಷ್ಟೇ ಕೇಳುವ ಹಾಗೆ, ಶ್ರುತಿ ನಿಂದು ಮಾಡ್ಕೊಂಡಿಯಲ್ಲ, ಷಡ್ಜನೂ ನೀನೇ ಇಡು ಮಗಾ, ಎಂದರು. ಮತ್ತೆ ಎಡಗೈಯ ಬೆರಳು. ಒಂದಿಂಚು. ಸೇಡೋ, ಪ್ರೀತಿಯೋ, ಸಾಕಾಗಿ ಹೋಯಿತೋ, ಮುಖ ನೋಡಿದರೆ ತಿಳಿಯುತ್ತಿತ್ತು, ನನಗೆ ಗೊತ್ತಿರುವುದು ಬೆನ್ನು ಮಾತ್ರ. ಅಮ್ಮ ಪತ್ರಿಕೆಯನ್ನು ಎದೆಗೆ ಒತ್ತಿ ಹಿಡಿದಿದ್ದಾಳೆ, ಅಪ್ಪ ಮೊಬೈಲು ಎತ್ತಿ ಹಿಡಿದಿದ್ದಾರೆ, ಕ್ಯಾಮೆರಾ ನನ್ನ ಮುಖಕ್ಕೆ. ಬಾಯಿ ತೆರೆದೆ. ಎಲ್ಲಿಂದ ಹಿಡಿಯಲಿ, ಮುಂದೆ ದನಿಯೇ ಇಲ್ಲವಲ್ಲ, ಒಂಬತ್ತು ವರ್ಷ ಅಕ್ಕೋರು ನಿಲ್ಲಿಸಿದ ಕಡೆ ಹಿಡಿದವಳು ನಾನು, ಎತ್ತರದಲ್ಲಿ, ನಡುವಿನಲ್ಲಿ, ಜನರೆದುರು ಒಂದು ಸಲವೂ ಶುರು ಮಾಡಿದವಳಲ್ಲ, ಅಡುಗೆಮನೆಯ ಆ ಷಡ್ಜ ಎಲ್ಲಿ ಹೋಯಿತು, ತುಟಿ ಬಿಚ್ಚುವುದಿಲ್ಲ ಎಂದಿದ್ದೆ, ಬಿಚ್ಚಿದ್ದೇನೆ, ಬರುತ್ತಿಲ್ಲ, ನಡುಬೆರಳು, ತೋರುಬೆರಳು, ತೋರುಬೆರಳು, ತಂತಿ ಕೇಳುತ್ತಿದೆ, ಫ್ಯಾನು ಕೇಳುತ್ತಿದೆ, ಹಸಿರು ಸೀರೆಯ ಬೆನ್ನು ಅಲ್ಲಾಡುತ್ತಿಲ್ಲ, ಜಮಖಾನದಿಂದ ಒಂದಿಂಚು ಮೇಲೆ ಸೊಟ್ಟ ಕಿರುಬೆರಳು, ಉಗುರಿಗೆ ಅಂಟಿದ ಚೂರು ಕುಂಕುಮ, ಬೆರಳು, ಇನ್ನೂ ಇಳಿಸಿಲ್ಲ, ಬೆರಳು